ಎರಡು ಕ್ರಾಂತಿಗಳ ನಡುವೆ ನಿಂತ ಸಂನ್ಯಾಸಿ

ಒಂದು ನಾಡಿನ ಬಾಳಿನಲ್ಲಿ ದಾಸ್ಯದ ಕಾಲಕ್ಕಿಂತಲೂ ಯುದ್ಧದ ಕಾಲಕ್ಕಿಂತಲೂ ಕಠಿಣವಾದ ಕಾಲವೊಂದುಂಟು. ಹಳೆಯ ದೊರೆತನವು ಹೋಗಲೊಲ್ಲದೆ, ಹೊಸ ದೊರೆತನವು ಬರಲಾರದೆ, ಎರಡೂ ಹೊಸ್ತಿಲಲ್ಲಿ ನಿಂತಿರುವ ನಡುಗಾಲವೇ ಅದು. ಆಗ ಕಾಯಿದೆಯು ಕಾಗದದಲ್ಲಿ ಉಳಿಯುತ್ತದೆ. ಅಧಿಕಾರವು ಆಯುಧ ಹಿಡಿದವನ ಕೈ ಸೇರುತ್ತದೆ. ಕಂದಾಯವನ್ನು ಯಾರಿಗೆ ಸಲ್ಲಿಸಬೇಕು, ಯಾರ ಅಪ್ಪಣೆಯನ್ನು ಪಾಲಿಸಬೇಕು, ಯಾವ ಧ್ವಜಕ್ಕೆ ವಂದಿಸಬೇಕು ಎಂಬ ಪ್ರಶ್ನೆಗಳು ರಾಜಧಾನಿಯ ಮುತ್ಸದ್ದಿಗಳನ್ನು ಮಾತ್ರವಲ್ಲದೆ ಹಳ್ಳಿಯ ಪಟೇಲನನ್ನೂ ತಾಲೂಕು ಕಚೇರಿಯ ಗುಮಾಸ್ತನನ್ನೂ ಕಾಡುತ್ತವೆ.

ಇಂತಹ ನಡುಗಾಲಕ್ಕೆ ಜಗತ್ತು ಕೊಡುವ ಪ್ರಸಿದ್ಧ ನಿದರ್ಶನವೆಂದರೆ ರಶಿಯಾ ದೇಶದ ೧೯೧೭ನೆಯ ಇಸವಿ. ಆ ವರ್ಷದ ಮಾರ್ಚ್ ತಿಂಗಳಲ್ಲಿ ಝಾರ್ ದೊರೆಯಾದ ಎರಡನೆಯ ನಿಕೊಲಸನು ಸಿಂಹಾಸನವನ್ನು ತ್ಯಜಿಸಿದನು. ಆ ದೇಶದ ಹಳೆಯ ಪಂಚಾಂಗವು ೧೩ ದಿನ ಹಿಂದಿದ್ದುದರಿಂದ ಅದಕ್ಕೆ ಫೆಬ್ರುವರಿ ಕ್ರಾಂತಿಯೆಂದು ಹೆಸರಾಯಿತು. ನವೆಂಬರ್ ೭ರಂದು ಬೋಲ್ಶೆವಿಕರು ರಾಜ್ಯಸೂತ್ರವನ್ನು ಕೈವಶಮಾಡಿಕೊಂಡರು. ನಡುವಣ ಎಂಟು ತಿಂಗಳು ಪೆಟ್ರೋಗ್ರಾಡ್ ನಗರದಲ್ಲಿ ಎರಡು ಸರಕಾರಗಳಿದ್ದಂತಾಗಿತ್ತು. ತಾತ್ಕಾಲಿಕ ಮಂತ್ರಿಮಂಡಲಕ್ಕೆ ಹೆಸರಿತ್ತು, ಬಲವಿರಲಿಲ್ಲ. ಕಾರ್ಮಿಕರ ಮತ್ತು ಸಿಪಾಯಿಗಳ ಸೋವಿಯೆತ್ತಿಗೆ ಬಲವಿತ್ತು, ಹೊಣೆಯಿರಲಿಲ್ಲ. ರೈತರು ಜಮೀನುದಾರರ ಭೂಮಿಯನ್ನು ತಾವಾಗಿಯೇ ಹಂಚಿಕೊಳ್ಳತೊಡಗಿದರು. ಸಿಪಾಯಿಗಳು ರಣಭೂಮಿಯನ್ನು ಬಿಟ್ಟು ಊರಿನ ದಾರಿ ಹಿಡಿದರು. ಜುಲೈಯಲ್ಲಿ ಮುಖ್ಯಮಂತ್ರಿಯಾದ ಕೆರೆನ್ಸ್ಕಿಯು ಒಂದು ಕಡೆ ಸೇನಾಪತಿ ಕೊರ್ನಿಲೋವನಿಗೂ ಇನ್ನೊಂದು ಕಡೆ ಲೆನಿನ್ನನಿಗೂ ಅಂಜುತ್ತ, ಕೊನೆಗೆ ಎರಡು ಪಕ್ಷಗಳ ವಿಶ್ವಾಸವನ್ನೂ ಕಳೆದುಕೊಂಡು ದೇಶಾಂತರಕ್ಕೆ ಹೋದನು.

ರಶಿಯಾ ದೂರದ ದೇಶ. ಆದರೆ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ವಾಚಕರಿಗೆ ಈ ಸ್ಥಿತಿಯು ಕೇವಲ ಪುಸ್ತಕದ ಸಂಗತಿಯಾಗಿರಲಾರದು. ೧೯೪೭ನೆಯ ಆಗಸ್ಟ್ ೧೫ರಿಂದ ೧೯೪೮ನೆಯ ಸೆಪ್ಟೆಂಬರ್ ೧೭ರ ವರೆಗೆ, ಹದಿಮೂರು ತಿಂಗಳ ಕಾಲ, ಈ ಸೀಮೆಯೂ ಅಂತಹದೇ ನಡುಗಾಲವನ್ನು ಅನುಭವಿಸಿತು. ಕೃಷ್ಣೆಯ ಆಚೆಗೆ ವಿಜಾಪುರ ಜಿಲ್ಲೆಯಲ್ಲಿ ತ್ರಿವರ್ಣಧ್ವಜವು ಹಾರಿತು. ತುಂಗಭದ್ರೆಯ ಆಚೆಗೆ ಬಳ್ಳಾರಿ ಜಿಲ್ಲೆಯಲ್ಲಿಯೂ ಹಾರಿತು. ನಡುವಣ ರಾಯಚೂರು ದೋಆಬದಲ್ಲಿ ಅದೇ ಧ್ವಜವನ್ನು ಎತ್ತಿದವನು ಸೆರೆಮನೆಯನ್ನು ಕಾಣಬೇಕಾಯಿತು. ದಂಡಿನ ಛಾವಣಿಯನ್ನು ಕಂಡ ಊರು, ೧೯೦೫ರಲ್ಲಿ ರಾಯಚೂರಿನೊಡನೆ ಕೂಡುವ ವರೆಗೆ ತಾನೇ ಒಂದು ಜಿಲ್ಲೆಯ ಮುಖ್ಯಸ್ಥಳವಾಗಿದ್ದ ಊರು ಲಿಂಗಸುಗೂರು. ೧೮೫೩ರಲ್ಲಿ ದೋಆಬವು ನಿಜಾಮರ ಕೈಯಿಂದ ಇಂಗ್ಲಿಷರ ಆಡಳಿತಕ್ಕೆ ಹೋಗಿ ೧೮೬೦ರಲ್ಲಿ ಮರಳಿ ಬಂದಿತು. ದೊರೆಗಳು ಬದಲಾಗುವುದು ಈ ನೆಲಕ್ಕೆ ಹೊಸದಲ್ಲ. ಹೊಸದಾದುದು ಒಂದೇ: ಈ ಸಲ ದೊರೆಯನ್ನು ಬದಲಿಸಲು ನಿಂತವರು ಪ್ರಜೆಗಳೇ ಆಗಿದ್ದರು.

ಆ ಪ್ರಜೆಗಳ ಮುಂದಾಳಾಗಿದ್ದವರು ಸ್ವಾಮಿ ರಾಮಾನಂದ ತೀರ್ಥರು. ಅವರು ಕಾಲವಾಗಿ ಅರ್ಧ ಶತಮಾನವು ಮೀರಿತು. ಅವರ ಹೆಸರು ರಸ್ತೆಗಳಲ್ಲಿಯೂ ವಿದ್ಯಾಪೀಠದಲ್ಲಿಯೂ ಉಳಿದಿದೆ. ಅವರ ಜೀವನಕ್ರಮವನ್ನು ಇಲ್ಲಿ ನೆನೆಯುವುದು ಸ್ತುತಿಪಾಠಕ್ಕಾಗಿ ಅಲ್ಲ. ಅಧಿಕಾರವು ತೆರವಾಗಿ ಬಿದ್ದಾಗ ಅದರ ಮುಂದೆ ಮನುಷ್ಯನು ಹೇಗೆ ನಡೆದುಕೊಳ್ಳತಕ್ಕದ್ದು ಎಂಬ ಪ್ರಶ್ನೆಗೆ ಆ ಜೀವನವು ಕೊಡುವ ಉತ್ತರವನ್ನು ಪರೀಕ್ಷಿಸುವುದಕ್ಕಾಗಿ.

ಪಾಠಶಾಲೆಯಿಂದ ಸೆರೆಮನೆಗೆ

ಸ್ವಾಮೀಜಿಯವರ ಪೂರ್ವಾಶ್ರಮದ ಹೆಸರು ವ್ಯಂಕಟೇಶ ಭಗವಾನರಾವ ಖೇಡಗೀಕರ. ೧೯೦೩ನೆಯ ಅಕ್ಟೋಬರ್ ೩ರಂದು ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಜನನ. ಹುಟ್ಟಿದ ನೆಲ ಕನ್ನಡ, ಕಲಿತ ವಿದ್ಯೆ ಬಹುಮಟ್ಟಿಗೆ ಮರಾಠಿ, ಹೋರಾಡಿದ ಸಂಸ್ಥಾನದ ಆಡಳಿತಭಾಷೆ ಉರ್ದು. ಮೂರು ಭಾಷೆಗಳ ಈ ಸಂಗಮವು ಅವರ ಮುಂದಿನ ರಾಜಕಾರಣವನ್ನು ತಿಳಿಯುವುದಕ್ಕೆ ಅಗತ್ಯವಾದ ಸಂಗತಿಯಾಗಿದೆ. ೧೯೨೦ನೆಯ ಆಗಸ್ಟ್ ೧ರಂದು ಲೋಕಮಾನ್ಯ ತಿಲಕರು ತೀರಿಕೊಂಡ ವಾರ್ತೆಯು ಸೊಲ್ಲಾಪುರದ ವಿದ್ಯಾರ್ಥಿಯಾಗಿದ್ದ ಈ ತರುಣನ ಮನಸ್ಸನ್ನು ತಿರುಗಿಸಿತು. ಆಜನ್ಮ ಬ್ರಹ್ಮಚರ್ಯವನ್ನೂ ದೇಶಸೇವೆಯನ್ನೂ ಆತನು ವ್ರತವಾಗಿ ಹಿಡಿದನು. ಅಸಹಕಾರದ ಕರೆಗೆ ಓಗೊಟ್ಟು ಸರಕಾರಿ ಶಿಕ್ಷಣವನ್ನು ಬಿಟ್ಟು ರಾಷ್ಟ್ರೀಯ ಶಾಲೆಗಳಲ್ಲಿ ಕಲಿತು, ಪುಣೆಯ ತಿಲಕ ವಿದ್ಯಾಪೀಠದಲ್ಲಿ ಉಚ್ಚಶಿಕ್ಷಣವನ್ನು ಮುಗಿಸಿದನು. ಬಳಿಕ ಕಾರ್ಮಿಕ ಮುಖಂಡರಾದ ನಾ. ಮ. ಜೋಶಿಯವರ ಕೈಕೆಳಗೆ ದುಡಿದು, ಗಿರಣಿಯ ಕೂಲಿಗಾರನ ಬಾಳನ್ನು ಹತ್ತಿರದಿಂದ ಕಂಡನು. ಮುಂದೆ ಕಾವಿಯನ್ನುಟ್ಟ ಮೇಲೂ ಬಡವರ ಪಕ್ಷವನ್ನು ಬಿಡದ ಒಲವು ಅವರಿಗೆ ಬಂದುದು ಇಲ್ಲಿಂದಲೇ.

೧೯೨೯ರ ಸುಮಾರಿಗೆ ಅವರು ನಿಜಾಮ ಸಂಸ್ಥಾನದೊಳಗಣ ಉಸ್ಮಾನಾಬಾದ ಜಿಲ್ಲೆಯ ಹಿಪ್ಪರಗಿಯ ರಾಷ್ಟ್ರೀಯ ಶಾಲೆಗೆ ಶಿಕ್ಷಕರಾಗಿ ಬಂದರು. ೧೯೩೨ರಲ್ಲಿ ಸಂನ್ಯಾಸವನ್ನು ಸ್ವೀಕರಿಸಿ ರಾಮಾನಂದ ತೀರ್ಥರೆನಿಸಿದರು. ಮಠವನ್ನು ಕಟ್ಟಲಿಲ್ಲ, ಶಿಷ್ಯರಿಂದ ಪಾದಪೂಜೆಯನ್ನು ಬಯಸಲಿಲ್ಲ. ಅಂಬಾಜೋಗಾಯಿಯ ಯೋಗೇಶ್ವರಿ ಶಾಲೆಯಲ್ಲಿ ಪಾಠ ಹೇಳುತ್ತ ಇದ್ದರು. ಸಂನ್ಯಾಸವೆಂದರೆ ಲೋಕದಿಂದ ಓಡಿಹೋಗುವುದಲ್ಲ, ತನ್ನದೆಂಬುದನ್ನು ಬಿಟ್ಟು ಲೋಕದಲ್ಲಿ ನಿಲ್ಲುವುದು ಎಂಬುದನ್ನು ಅವರ ಮುಂದಿನ ನಡತೆಯೇ ತೋರಿಸಿತು.

ಆಗಿನ ಹೈದರಾಬಾದ ಸಂಸ್ಥಾನದ ವಿಸ್ತಾರ ೮೨,೬೯೮ ಚದರ ಮೈಲು. ೧೯೪೧ರ ಖಾನೇಶುಮಾರಿಯಂತೆ ಪ್ರಜಾಸಂಖ್ಯೆ ಸುಮಾರು ಒಂದು ಕೋಟಿ ಅರುವತ್ತಮೂರು ಲಕ್ಷ. ಹದಿನಾರು ಜಿಲ್ಲೆಗಳಲ್ಲಿ ಎಂಟು ತೆಲುಗಿನವು, ಐದು ಮರಾಠಿಯವು. ರಾಯಚೂರು, ಕಲಬುರ್ಗಿ, ಬೀದರ ಇವು ಮೂರು ಕನ್ನಡದವು. ಶಾಲೆ, ಕಚೇರಿ, ನ್ಯಾಯಾಲಯಗಳಲ್ಲೆಲ್ಲ ಉರ್ದುವಿನ ಪ್ರಾಬಲ್ಯ. ಗಶ್ತಿ ೫೩ ಎಂಬ ಸುತ್ತೋಲೆಯಂತೆ ಸರಕಾರದ ಅಪ್ಪಣೆಯಿಲ್ಲದೆ ಸಾರ್ವಜನಿಕ ಸಭೆಯನ್ನು ಕೂಡಿಸುವಂತಿರಲಿಲ್ಲ. ಆದುದರಿಂದ ಜಾಗೃತಿಯು ಮೊದಲು ಭಾಷೆಯ ಹೆಸರಿನಲ್ಲಿ ತಲೆಯೆತ್ತಿತು. ಆಂಧ್ರ ಮಹಾಸಭೆ, ಮಹಾರಾಷ್ಟ್ರ ಪರಿಷತ್ತು, ಕರ್ನಾಟಕ ಪರಿಷತ್ತು ಎಂಬ ಮೂರು ಸಂಸ್ಥೆಗಳು ವಾಚನಾಲಯ, ಶಾಲೆ, ಭಾಷಾಭಿಮಾನಗಳ ಮಾರ್ಗದಿಂದ ಜನರನ್ನು ಒಂದುಗೂಡಿಸಿದವು. ರಾಯಚೂರಿನಲ್ಲಿ ಪಂಡಿತ ತಾರಾನಾಥರ ಹಮ್‌ದರ್ದ್ ಶಾಲೆಯು ಇದೇ ಬಗೆಯ ಕಾರ್ಯವನ್ನು ಅದಕ್ಕೂ ಮೊದಲೇ ಆರಂಭಿಸಿತ್ತು.

೧೯೩೮ರಲ್ಲಿ ಈ ಮೂರು ಪ್ರವಾಹಗಳು ಕೂಡಿ ಹೈದರಾಬಾದ ಸ್ಟೇಟ್ ಕಾಂಗ್ರೆಸ್ಸಿನ ರೂಪವನ್ನು ತಳೆಯಹೊರಟವು. ವಿಧಿಪೂರ್ವಕವಾಗಿ ಸ್ಥಾಪನೆಯಾಗುವ ಮೊದಲೇ ಆ ಸಂಸ್ಥೆಯನ್ನು ಸರಕಾರವು ನಿಷೇಧಿಸಿತು. ಹುಟ್ಟದ ಕೂಸಿಗೆ ಮರಣದಂಡನೆ! ಆ ವರ್ಷದ ಅಕ್ಟೋಬರ್ ೨೪ರಂದು ಸತ್ಯಾಗ್ರಹವು ಮೊದಲಾಯಿತು. ಸ್ವಾಮೀಜಿಯವರು ಶಾಲೆಯನ್ನು ಬಿಟ್ಟು ಸತ್ಯಾಗ್ರಹಿಗಳ ಸಾಲನ್ನು ಸೇರಿ ಕಾರಾಗೃಹಕ್ಕೆ ನಡೆದರು. ಅದೇ ವೇಳೆಗೆ ಬೇರೆ ಧಾರ್ಮಿಕ ಸಂಸ್ಥೆಗಳ ಚಳವಳಿಯೂ ನಡೆದಿದ್ದುದರಿಂದ, ಪ್ರಜಾಹಕ್ಕಿನ ಪ್ರಶ್ನೆಯು ಕೋಮಿನ ಪ್ರಶ್ನೆಯೊಡನೆ ಬೆರೆಯಬಾರದೆಂಬ ಗಾಂಧೀಜಿಯವರ ಸಲಹೆಯಂತೆ ಡಿಸೆಂಬರದಲ್ಲಿ ಸತ್ಯಾಗ್ರಹವು ನಿಂತಿತು. ಕಾವಿ ತೊಟ್ಟ ಮುಖಂಡರು ಈ ಭೇದವನ್ನು ಒಪ್ಪಿ ನಡೆದರೆಂಬುದು ಗಮನಾರ್ಹ. ೧೯೪೦ರಲ್ಲಿ ವೈಯಕ್ತಿಕ ಸತ್ಯಾಗ್ರಹ, ಮತ್ತೆ ಸೆರೆ. ೧೯೪೨ರಲ್ಲಿ ಚಲೇಜಾವ್ ಚಳವಳಿ, ಪುನಃ ಸೆರೆ. ೧೯೪೬ನೆಯ ಜುಲೈಯಲ್ಲಿ ನಿಷೇಧವು ತೆರವಾದಾಗ ಸ್ಟೇಟ್ ಕಾಂಗ್ರೆಸ್ಸು ಬಹಿರಂಗವಾಗಿ ಉಸಿರಾಡಿತು; ಸ್ವಾಮೀಜಿಯವರು ಅದರ ಅಧ್ಯಕ್ಷರಾದರು. ಬೂರ್ಗುಲ ರಾಮಕೃಷ್ಣರಾಯರೇ ಮೊದಲಾದ ಮಂದಗಾಮಿಗಳು ಒಂದು ಕಡೆ, ಸ್ವಾಮೀಜಿಯವರ ಸುತ್ತ ನೆರೆದ ತೀವ್ರಗಾಮಿ ತರುಣರು ಇನ್ನೊಂದು ಕಡೆ. ಈ ಒಳಭೇದವು ಕೊನೆಯ ವರೆಗೂ ಆ ಪಕ್ಷವನ್ನು ಬಿಡಲಿಲ್ಲ.

ಹದಿಮೂರು ತಿಂಗಳ ನಡುಗಾಲ

೧೯೪೭ನೆಯ ಜೂನ್ ತಿಂಗಳಲ್ಲಿ ನಿಜಾಮರು, ಇಂಗ್ಲಿಷರು ಹೋದೊಡನೆ ತಾವು ಸ್ವತಂತ್ರರಾಗುವೆವೆಂದು ಫರ್ಮಾನು ಹೊರಡಿಸಿದರು. ಸ್ಟೇಟ್ ಕಾಂಗ್ರೆಸ್ಸು ಭಾರತದಲ್ಲಿ ವಿಲೀನವಾಗಬೇಕೆಂದು ಒತ್ತಾಯಪಡಿಸಿ, ಆಗಸ್ಟ್ ೭ನ್ನು ಅದಕ್ಕಾಗಿ ಮೀಸಲಾದ ದಿನವೆಂದು ಆಚರಿಸಿತು. ಆಗಸ್ಟ್ ೧೫ರಂದು ದಿಲ್ಲಿಯಲ್ಲಿ ಸ್ವಾತಂತ್ರ್ಯೋತ್ಸವ ನಡೆದಿರಲು ಹೈದರಾಬಾದದಲ್ಲಿ ಸ್ವಾಮೀಜಿಯವರ ಬಂಧನವಾಯಿತು. ಹಳ್ಳಿಹಳ್ಳಿಗಳಲ್ಲಿ ಧ್ವಜಸತ್ಯಾಗ್ರಹ ನಡೆಯಿತು. ವಿದ್ಯಾರ್ಥಿಗಳು ಶಾಲೆ ಬಿಟ್ಟರು. ವಕೀಲರು ನ್ಯಾಯಾಲಯಗಳನ್ನು ತೊರೆದರು. ಗಡಿಯ ಊರುಗಳಲ್ಲಿ ಸುಂಕದ ನಾಕೆಗಳು ದಾಳಿಗೆ ಗುರಿಯಾದವು. ಸರಕಾರದ ಉತ್ಪನ್ನಕ್ಕೆ ಮೂಲವಾದ ಸಿಂದಿಯ ಗಿಡಗಳು ಕೊಡಲಿಗೆ ಬಿದ್ದವು. ಅನೇಕ ಪಟೇಲ ಪಟವಾರಿಗಳು ರಾಜೀನಾಮೆಯನ್ನಿತ್ತರು.

ಈ ರಾಜೀನಾಮೆಗಳ ಅರ್ಥವನ್ನು ಅಧಿಕಾರಿವರ್ಗದ ವಾಚಕರು ಚೆನ್ನಾಗಿ ಬಲ್ಲರು. ದಫ್ತರವು ನಿಂತರೆ ಸರಕಾರವು ನಿಂತಂತೆ. ಆದರೆ ದಫ್ತರವನ್ನು ಬಿಟ್ಟವನಿಗೆ ಮರುದಿನದ ಅನ್ನದ ಚಿಂತೆ. ಬಿಡದವನಿಗೆ ನಾಳೆಯ ಜನರ ದೃಷ್ಟಿಯ ಚಿಂತೆ. ಪೆಟ್ರೋಗ್ರಾಡಿನ ಗುಮಾಸ್ತನು ೧೯೧೭ರಲ್ಲಿ ಎದುರಿಸಿದ ಸಂಕಟವನ್ನೇ ದೋಆಬದ ಹಳ್ಳಿಯ ಪಟವಾರಿಯು ಮೂವತ್ತು ವರ್ಷಗಳ ತರುವಾಯ ಎದುರಿಸಿದನು.

ಇತ್ತ ಇತ್ತೆಹಾದುಲ್ ಮುಸ್ಲಿಮೀನ್ ಸಂಸ್ಥೆಯ ರಜಾಕಾರ ದಳವು ಬೆಳೆಯುತ್ತಿತ್ತು. ಅದರ ನಾಯಕ ಲಾತೂರಿನ ವಕೀಲ ಕಾಸೀಮ ರಜವಿ. ಅಕ್ಟೋಬರ್ ೨೭ರಂದು, ದಿಲ್ಲಿಗೆ ಹೊರಡಲಿದ್ದ ನಿಜಾಮರ ನಿಯೋಗವನ್ನೇ ರಜಾಕಾರರ ಗುಂಪು ತಡೆಯಿತು. ಆ ದಿನ ನಿಜಾಮರ ಸಂಸ್ಥಾನದಲ್ಲಿ ನಿಜಾಮರ ಮಾತೂ ನಡೆಯದೆಂಬುದು ಬಯಲಾಯಿತು. ಪ್ರಧಾನಿ ಛತಾರಿಯ ನವಾಬರು ಹುದ್ದೆಯನ್ನು ಬಿಟ್ಟರು. ಬಳಿಕ ಆ ಸ್ಥಾನಕ್ಕೆ ಬಂದವರು ಮೀರ ಲಾಯಕ ಅಲಿ. ನವೆಂಬರ್ ೨೯ರಂದು ಭಾರತದೊಡನೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಅದರ ಬೆನ್ನಿಗೆ ಸ್ವಾಮೀಜಿಯವರ ಬಿಡುಗಡೆಯಾಯಿತು. ಆದರೆ ಜನವರಿಯ ಕೊನೆಯ ವಾರದಲ್ಲಿ ಮರಳಿ ಬಂಧನವಾಯಿತು. ಗಾಂಧೀಜಿಯವರ ಹತ್ಯೆಯ ವಾರ್ತೆಯನ್ನು ಅವರು ಸೆರೆಮನೆಯ ಗೋಡೆಗಳ ನಡುವೆಯೇ ಕೇಳಬೇಕಾಯಿತು. ಲೆಕ್ಕ ಹಾಕಿ ನೋಡಿದರೆ, ಆ ಹದಿಮೂರು ತಿಂಗಳುಗಳಲ್ಲಿ ಸುಮಾರು ಹನ್ನೊಂದು ತಿಂಗಳು ಪ್ರಜಾಪಕ್ಷದ ಅಧ್ಯಕ್ಷರು ಸೆರೆಯಲ್ಲಿದ್ದರು.

ಮುಖಂಡನು ಒಳಗಿರುವಾಗ ಹೊರಗೆ ಏನಾಯಿತು? ಚಳವಳಿಯು ಗಡಿಯಾಚೆಯ ಶಿಬಿರಗಳಿಗೆ ಸರಿಯಿತು. ರಾಯಚೂರು ಜಿಲ್ಲೆಯ ತರುಣರು ಮುಂಡರಗಿ, ಗಜೇಂದ್ರಗಡ ಮೊದಲಾದ ಸ್ಥಳಗಳಲ್ಲಿ ನೆರೆದರು. ಮುಂಡರಗಿಯ ಶಿಬಿರಕ್ಕೆ ಅಳವಂಡಿಯ ಶಿವಮೂರ್ತಿಸ್ವಾಮಿಗಳು ಮುಂದಾಳಾದರು. ಸತ್ಯಾಗ್ರಹಿಯ ಕೈಗೆ ಬಂದೂಕು ಬಂದಿತು. ಅನೇಕ ಕುಟುಂಬಗಳು ಮನೆಮಾರುಗಳನ್ನು ಬಿಟ್ಟು ಮುಂಬಯಿ ಮತ್ತು ಮದ್ರಾಸು ಪ್ರಾಂತಗಳ ಆಶ್ರಯವನ್ನು ಸೇರಿದವು. ೧೯೪೮ನೆಯ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ಭೀಕರ ಕೊಲೆಗಳಾದವು. ತೆಲಂಗಾಣದಲ್ಲಿ ಕಮ್ಯುನಿಸ್ಟರು ಹಳ್ಳಿಗಳಲ್ಲಿ ತಮ್ಮ ಸಮಿತಿಗಳನ್ನು ಸ್ಥಾಪಿಸಿ, ದೇಶಮುಖರ ಭೂಮಿಯನ್ನು ಹಂಚುತ್ತಿದ್ದರು. ರಶಿಯಾದ ಸೋವಿಯೆತ್ತುಗಳ ನೆರಳು ಅಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಆಗಸ್ಟಿನಲ್ಲಿ, ರಜಾಕಾರರನ್ನು ಖಂಡಿಸಿ ಭಾರತದೊಡನೆ ವಿಲೀನವನ್ನು ಬೆಂಬಲಿಸಿದ ಉರ್ದು ಪತ್ರಿಕೆ ಇಮ್ರೋಜಿನ ತರುಣ ಸಂಪಾದಕ ಶೋಯೆಬುಲ್ಲಾ ಖಾನರನ್ನು ಹೈದರಾಬಾದದಲ್ಲಿ ಕೊಲೆಮಾಡಿದರು. ಆ ಹೋರಾಟವು ಎರಡು ಧರ್ಮಗಳ ಜಗಳವಾಗಿತ್ತೆಂದು ಹೇಳುವವರು ಈ ಮುಸಲ್ಮಾನ ಸಂಪಾದಕನ ಹೆಸರನ್ನು ನೆನಪಿನಲ್ಲಿಡಬೇಕು.

ಸೆಪ್ಟೆಂಬರ್ ೧೩ರಂದು ಭಾರತದ ಸೈನ್ಯವು ಸಂಸ್ಥಾನವನ್ನು ಪ್ರವೇಶಿಸಿತು. ೧೭ರಂದು ನಿಜಾಮರು ಹೋರಾಟದ ಅಂತ್ಯವನ್ನು ಆಕಾಶವಾಣಿಯಲ್ಲಿ ಸಾರಿದರು. ಸ್ವಾಮೀಜಿಯವರು ಬಂಧಮುಕ್ತರಾದರು. ಜನರಲ್ ಜಯಂತನಾಥ ಚೌಧುರಿಯವರ ಸೈನಿಕ ಆಡಳಿತವು ಆರಂಭವಾಯಿತು.

ಗೆಲುವಿನ ಋಣ

ಇಲ್ಲಿ ಲೇಖನಿಯನ್ನು ನಿಲ್ಲಿಸಿದರೆ ಕಥೆಯು ಸುಖಾಂತವಾಗುವುದು, ಆದರೆ ಸತ್ಯವಾಗದು. ಗೆಲುವಿನ ಬೆನ್ನಿಗೆ ಅನೇಕ ಜಿಲ್ಲೆಗಳಲ್ಲಿ ನಿರಪರಾಧಿಗಳಾದ ಮುಸಲ್ಮಾನರ ಮೇಲೆ ಕೊಲೆ, ಸುಲಿಗೆ, ಅತ್ಯಾಚಾರಗಳಾದವು. ಭಾರತ ಸರಕಾರವು ಕಳುಹಿದ ಪಂಡಿತ ಸುಂದರಲಾಲರ ಸಮಿತಿಯು, ಸತ್ತವರ ಸಂಖ್ಯೆಯನ್ನು ೨೭ ಸಾವಿರದಿಂದ ೪೦ ಸಾವಿರದ ವರೆಗೆ ಅಂದಾಜು ಮಾಡಿತು. ಉಸ್ಮಾನಾಬಾದ, ಕಲಬುರ್ಗಿ, ಬೀದರ, ನಾಂದೇಡ ಜಿಲ್ಲೆಗಳು ಹೆಚ್ಚು ನೊಂದವೆಂದು ತಿಳಿಸಿತು. ಆ ವರದಿಯು ಬಹುಕಾಲ ಬೆಳಕನ್ನು ಕಾಣಲಿಲ್ಲ. ರಜಾಕಾರರ ಕ್ರೌರ್ಯವನ್ನು ವರ್ಣಿಸುವ ನಾಲಗೆಯು ಇದನ್ನು ಹೇಳುವಾಗ ತಡವರಿಸಬಾರದು. ಅಹಿಂಸೆಯ ವ್ರತದಿಂದ ಹೊರಟ ಚಳವಳಿಯು ತನ್ನ ಗೆಲುವಿನ ದಿನಗಳಲ್ಲಿ ಈ ರಕ್ತವನ್ನು ತಡೆಯಲಾರದೆ ಹೋಯಿತು. ಸೆರೆಯಲ್ಲಿದ್ದರೆಂಬ ಕಾರಣದಿಂದ ಆ ಸಂಸ್ಥೆಯ ಅಧ್ಯಕ್ಷರನ್ನು ಈ ಋಣದಿಂದ ಪೂರ್ತಿಯಾಗಿ ಬಿಡಿಸುವುದು ನ್ಯಾಯವಾಗಲಾರದು.

ಹಾಗಾದರೆ ಅವರ ಹಿರಿಮೆಯು ಎಲ್ಲಿದೆ? ನಮ್ಮ ಅಭಿಪ್ರಾಯದಲ್ಲಿ ಅದು ಸೆರೆಮನೆಯಲ್ಲಿರುವುದಕ್ಕಿಂತ ಹೆಚ್ಚಾಗಿ ಬಿಡುಗಡೆಯ ನಂತರದ ಎಂಟು ವರ್ಷಗಳಲ್ಲಿದೆ. ಎರಡನೆಯ ಕ್ರಾಂತಿಯು ಮುಗಿದ ಮೇಲೆ ಗೆದ್ದವನು ಸಿಂಹಾಸನವನ್ನು ಹುಡುಕುವುದು ಲೋಕರೂಢಿ. ಸ್ವಾಮೀಜಿಯವರು ಮಂತ್ರಿಪದವಿಯನ್ನು ಎಂದಿಗೂ ಸ್ವೀಕರಿಸಲಿಲ್ಲ. ೧೯೫೨ರ ಚುನಾವಣೆಯ ತರುವಾಯ ಮುಖ್ಯಮಂತ್ರಿಯಾದವರು ಪಕ್ಷದೊಳಗಣ ಅವರ ಪ್ರತಿಸ್ಪರ್ಧಿಗಳಾದ ರಾಮಕೃಷ್ಣರಾಯರು. ಸ್ವಾಮೀಜಿಯವರು ಕಲಬುರ್ಗಿಯಿಂದ ಲೋಕಸಭೆಗೆ ಆರಿಸಿ ಹೋದರು. ಜಾಗೀರುಗಳ ರದ್ದತಿ ೧೯೪೯ರಲ್ಲಿ ಆಯಿತು. ಗೇಣಿದಾರರಿಗೆ ರಕ್ಷಣೆ ಕೊಡುವ ಕಾಯಿದೆಯು ೧೯೫೦ರಲ್ಲಿ ಬಂದಿತು. ರಶಿಯಾದಲ್ಲಿ ತಾತ್ಕಾಲಿಕ ಸರಕಾರವು ಭೂಮಿಯ ಪ್ರಶ್ನೆಯನ್ನು ಮುಂದೆ ಮುಂದೆ ನೂಕಿದುದೇ ಅದರ ಪತನಕ್ಕೆ ಒಂದು ಕಾರಣವಾಗಿತ್ತೆಂಬುದನ್ನು ನೆನೆದರೆ, ಈ ಕಾಯಿದೆಗಳ ಬೆಲೆಯು ತಿಳಿಯುವುದು. ತೆಲಂಗಾಣದ ಸಶಸ್ತ್ರ ಹೋರಾಟವು ೧೯೫೧ರಲ್ಲಿ ನಿಂತು, ಅದನ್ನು ನಡೆಸಿದವರೇ ಮತಪೆಟ್ಟಿಗೆಯ ಮಾರ್ಗಕ್ಕೆ ಬಂದರು.

ಇದೆಲ್ಲಕ್ಕಿಂತ ದೊಡ್ಡ ಸಂಗತಿಯೆಂದರೆ, ತಾವು ಬಿಡಿಸಿದ ಸಂಸ್ಥಾನವನ್ನು ಉಳಿಸಿಕೊಳ್ಳಬೇಕೆಂದು ಅವರು ಹಟ ಹಿಡಿಯಲಿಲ್ಲ. ಹೈದರಾಬಾದವನ್ನು ಒಡೆಯುವುದು ಪಂಡಿತ ನೆಹರೂ ಅವರಿಗೆ ಮೊದಲು ಸಮ್ಮತವಿರಲಿಲ್ಲ. ಮೂರು ಭಾಷೆಗಳ ಜನರನ್ನು ಒಬ್ಬ ದೊರೆಯ ಕತ್ತಿಯು ಕಟ್ಟಿತ್ತು. ಆ ದೊರೆತನವು ಹೋದ ಮೇಲೆ ಪ್ರತಿಯೊಂದು ಭಾಗವೂ ತನ್ನ ಭಾಷಾಬಾಂಧವರನ್ನು ಸೇರತಕ್ಕದ್ದೆಂಬುದು ಸ್ವಾಮೀಜಿಯವರ ದೃಢವಾದ ನಿಲುವಾಗಿತ್ತು. ಸಂಸ್ಥಾನವು ಒಡೆದರೆ ತಮ್ಮ ಪಕ್ಷಸಂಘಟನೆಯೂ ಒಡೆಯುವುದು, ತಾವು ಮೂರು ರಾಜ್ಯಗಳ ನಡುವೆ ಹಂಚಿಹೋಗುವೆವು ಎಂಬುದು ಅವರಿಗೆ ತಿಳಿಯದ ವಿಷಯವಾಗಿರಲಿಲ್ಲ. ತಿಳಿದೂ ಅದನ್ನೇ ಬೇಡಿದರು. ೧೯೫೬ನೆಯ ನವೆಂಬರ್ ೧ರಂದು ರಾಯಚೂರು, ಕಲಬುರ್ಗಿ, ಬೀದರ ಜಿಲ್ಲೆಗಳ ಕನ್ನಡ ಸೀಮೆಯು ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಲಿಂಗಸುಗೂರಿನ ಕಚೇರಿಯಲ್ಲಿ ಕನ್ನಡದ ಅರ್ಜಿಯು ತನ್ನ ನ್ಯಾಯವಾದ ಸ್ಥಾನವನ್ನು ಪಡೆಯಲು ದಾರಿಯಾಯಿತು. ತುಂಗಭದ್ರಾ ಅಣೆಕಟ್ಟಿಗೆ ೧೯೪೫ರಲ್ಲಿ ನಿಜಾಮ ಸರಕಾರವೂ ಮದ್ರಾಸು ಸರಕಾರವೂ ತಮ್ಮ ತಮ್ಮ ದಡಗಳಲ್ಲಿ ಅಡಿಗಲ್ಲನ್ನಿಟ್ಟಿದ್ದವು. ಆ ಜಲಾಶಯದ ಎಡದಂಡೆ ಕಾಲುವೆಯ ನೀರು ಸಿಂಧನೂರಿನ ಕರಿಯ ಹೊಲಗಳನ್ನು ಬತ್ತದ ಗದ್ದೆಗಳನ್ನಾಗಿ ಮಾಡಿದ ಕಾಲಕ್ಕೆ ಆ ನಿಜಾಮ ಸಂಸ್ಥಾನವೇ ಉಳಿದಿರಲಿಲ್ಲ.

ಸ್ವಾಮೀಜಿಯವರು ೧೯೫೭ರಲ್ಲಿ ಔರಂಗಾಬಾದದಿಂದ ಇನ್ನೊಮ್ಮೆ ಲೋಕಸಭೆಗೆ ಹೋಗಿ, ಆ ಬಳಿಕ ಚುನಾವಣೆಯ ರಾಜಕಾರಣದಿಂದ ದೂರ ಸರಿದರು. ಶಿಕ್ಷಣ, ಖಾದಿ, ಗ್ರಾಮಸೇವೆಗಳಲ್ಲಿ ಕಾಲ ಕಳೆದರು. ೧೯೬೭ರಲ್ಲಿ ಹೋರಾಟದ ನೆನಪುಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ೧೯೭೨ನೆಯ ಜನವರಿ ೨೨ರಂದು ಹೈದರಾಬಾದದಲ್ಲಿ ದೇಹವಿಟ್ಟರು. ೧೯೧೭ರ ಕೆರೆನ್ಸ್ಕಿಯು ಎರಡು ವರ್ಷ ಮೊದಲು, ೧೯೭೦ರಲ್ಲಿ, ಸ್ವದೇಶದಿಂದ ಬಹುದೂರ ನ್ಯೂಯಾರ್ಕಿನಲ್ಲಿ ತೀರಿಕೊಂಡಿದ್ದನು. ಒಬ್ಬನು ಅಧಿಕಾರವನ್ನು ಹಿಡಿದಿಡಲು ಯತ್ನಿಸಿ ದೇಶವನ್ನೇ ಕಳೆದುಕೊಂಡನು. ಇನ್ನೊಬ್ಬರು ಅಧಿಕಾರವನ್ನು ಮುಟ್ಟದೆ ತಮ್ಮ ಜನರ ನಡುವೆಯೇ ಕಣ್ಣು ಮುಚ್ಚಿದರು. ಇಬ್ಬರ ಸಂದರ್ಭಗಳೂ ಬೇರೆಯೆಂಬುದು ನಿಜ. ಕೆರೆನ್ಸ್ಕಿಯ ಬೆನ್ನಿಗೆ ಮಹಾಯುದ್ಧದ ಹೊರೆಯಿತ್ತು. ಸ್ವಾಮೀಜಿಯವರ ಬೆನ್ನಿಗೆ ಸ್ವತಂತ್ರ ಭಾರತದ ಬಲವಿತ್ತು. ಆದರೂ ಹೋಲಿಕೆಯು ವ್ಯರ್ಥವಲ್ಲ. ನಡುಗಾಲದಲ್ಲಿ ನಾಡನ್ನು ಕಾಯುವುದು ಶೂರತನವೊಂದೇ ಅಲ್ಲ. ತೆರವಾದ ಪೀಠವನ್ನು ಕಂಡು ಕೈ ಚಾಚದಿರುವ ಸಂಯಮವೂ ಬೇಕು.

ಪ್ರತಿವರ್ಷ ಸೆಪ್ಟೆಂಬರ್ ೧೭ರಂದು ಈ ಸೀಮೆಯ ತಾಲೂಕು ಕಚೇರಿಗಳ ಮುಂದೆ ಧ್ವಜವು ಏರುತ್ತದೆ. ೨೦೧೯ರಿಂದ ಆ ಉತ್ಸವಕ್ಕೆ ಕಲ್ಯಾಣ ಕರ್ನಾಟಕವೆಂಬ ಹೊಸ ಹೆಸರೂ ಬಂದಿದೆ. ಹೆಸರು ಹೊಸದಾದರೂ ಅದು ಹೊರಿಸುವ ಹೊಣೆ ಹಳೆಯದು. ಆ ಧ್ವಜದ ಕೆಳಗೆ ನಿಲ್ಲುವ ಅಧಿಕಾರಿಯು, ಒಂದು ಕಾಲಕ್ಕೆ ಇದೇ ಊರಿನ ದಫ್ತರಗಳಲ್ಲಿ ತನ್ನಂತಹ ಸಾಮಾನ್ಯ ನೌಕರನು ಯಾರ ಅಪ್ಪಣೆಯನ್ನು ಪಾಲಿಸಲೆಂದು ತೊಳಲಾಡಿದುದನ್ನು ನೆನೆಯಲಿ. ನಾಗರಿಕನು, ಅದು ಒಂದು ಕೋಮು ಇನ್ನೊಂದನ್ನು ಗೆದ್ದ ದಿನವಲ್ಲ, ಪ್ರಜೆಯು ದೊರೆಯ ಸ್ಥಾನಕ್ಕೆ ಬಂದ ದಿನವೆಂಬುದನ್ನು ನೆನೆಯಲಿ. ಮುಖಂಡರೆನಿಸಿಕೊಂಡವರು, ಗೆದ್ದ ಮೇಲೆ ಬರಿಗೈಯಲ್ಲಿ ನಡೆದ ಸಿಂದಗಿಯ ಆ ಸಂನ್ಯಾಸಿಯನ್ನು ನೆನೆಯಲಿ. ಅಷ್ಟಾದರೆ ಆ ಹದಿಮೂರು ತಿಂಗಳ ನೋವು ನಿಷ್ಫಲವಾಗದು.